ಲ್ಯಾಪ್‌ಟಾಪ್‌ಗೆ ದೊಡ್ಡ ಹಾರ್ಡ್ ಡಿಸ್ಕ್: ಸ್ಕ್ರೂ ಬಿಚ್ಚುವ ಮುನ್ನ ತಿಳಿದಿರಬೇಕಾದದ್ದು

ಲ್ಯಾಪ್‌ಟಾಪ್ ಇನ್ನೂ ಚೆನ್ನಾಗಿಯೇ ಕೆಲಸ ಮಾಡುತ್ತಿರುತ್ತದೆ. ಆದರೆ ಮದುವೆ, ನಾಮಕರಣ, ಪ್ರವಾಸಗಳ ಛಾಯಾಚಿತ್ರಗಳಿಂದ ಅದರೊಳಗಿನ ಹಾರ್ಡ್ ಡಿಸ್ಕ್ ತುಂಬಿಹೋಗಿರುತ್ತದೆ. ಇಂತಹ ಸಂದರ್ಭದಲ್ಲಿ ಹೊಸ ಯಂತ್ರ ಕೊಳ್ಳುವುದಕ್ಕಿಂತ ಹೆಚ್ಚಿನ ಸಾಮರ್ಥ್ಯದ ಡಿಸ್ಕ್ ಅಳವಡಿಸಿಕೊಳ್ಳುವುದು ಜಾಣತನವೇ ಸರಿ. ನಾಲ್ಕಾರು ಸ್ಕ್ರೂ ಬಿಚ್ಚಿ, ಹಳೆಯದನ್ನು ಹೊರತೆಗೆದು ಹೊಸದನ್ನು ಕೂರಿಸುವ ಕೆಲಸ ಬಹುತೇಕ ಯಂತ್ರಗಳಲ್ಲಿ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಆದರೆ ಡಿಸ್ಕ್ ತನ್ನ ಜಾಗದಲ್ಲಿ ಕುಳಿತ ಮಾತ್ರಕ್ಕೆ ಅದರ ಪೂರ್ಣ ಸಾಮರ್ಥ್ಯ ಬಳಕೆಗೆ ದಕ್ಕಿತು ಎಂದು ತಿಳಿಯುವಂತಿಲ್ಲ. ಕೆಲವು ಯಂತ್ರಗಳಿಗೆ ಹೆಚ್ಚುವರಿ ಜಾಗ ಕಾಣುವುದೇ ಇಲ್ಲ. ಇನ್ನು ಕೆಲವೆಡೆ ಜಾಗ ಕಾಣುತ್ತದೆ, ಆದರೆ ಅಲ್ಲಿ ಬರೆದ ಮಾಹಿತಿ ಹಳೆಯ ಕಡತಗಳ ಮೇಲೆಯೇ ಬಂದು ಕೂರುತ್ತದೆ. ಅಪಾಯವಿರುವುದು ಈ ಎರಡನೆಯದರಲ್ಲಿ.

ದಪ್ಪ ಮತ್ತು ಕನೆಕ್ಟರ್

ಲ್ಯಾಪ್‌ಟಾಪ್‌ಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದದ್ದು 2.5 ಇಂಚಿನ ಹಾರ್ಡ್ ಡಿಸ್ಕ್. 1988ರಲ್ಲಿ ಅಮೆರಿಕದ ಪ್ರೈರಿಟೆಕ್ ಕಂಪನಿ ಹೊರತಂದ ಈ ಅಳತೆಯ ಮೊದಲ ಡಿಸ್ಕ್‌ನ ಸಾಮರ್ಥ್ಯ 20 ಎಂಬಿ ಮಾತ್ರ. ಇಂದಿನ ಮೊಬೈಲ್‌ನ ಐದಾರು ಫೋಟೊಗಳಿಗೆ ಅದು ಮುಗಿದುಹೋಗುತ್ತದೆ! ಉದ್ದ, ಅಗಲಗಳು ಒಂದೇ ಆಗಿದ್ದರೂ ಈ ಡಿಸ್ಕ್‌ಗಳ ದಪ್ಪ ಒಂದೇ ಅಲ್ಲ. 2000ದ ದಶಕದ ಲ್ಯಾಪ್‌ಟಾಪ್‌ಗಳಲ್ಲಿ 9.5 ಮಿ.ಮೀ. ದಪ್ಪದವು ಸಾಮಾನ್ಯವಾಗಿದ್ದವು, ನಂತರದ ತೆಳು ಯಂತ್ರಗಳಲ್ಲಿ 7 ಮಿ.ಮೀ. ದಪ್ಪದವು ಬಂದವು. ತೆಳುವಾದ ಡಿಸ್ಕ್‌ಅನ್ನು ದಪ್ಪ ಜಾಗದಲ್ಲಿ ಪ್ಲಾಸ್ಟಿಕ್ ಚೌಕಟ್ಟು ಸೇರಿಸಿ ಕೂರಿಸಬಹುದು. ದಪ್ಪನೆಯದನ್ನು ತೆಳು ಜಾಗಕ್ಕೆ ತುರುಕಲು ಮಾತ್ರ ಸಾಧ್ಯವಿಲ್ಲ. 2009ರಲ್ಲಿ ವೆಸ್ಟರ್ನ್ ಡಿಜಿಟಲ್ 1 ಟಿಬಿಯ 2.5 ಇಂಚಿನ ಡಿಸ್ಕ್ ಬಿಡುಗಡೆ ಮಾಡಿದಾಗ ಅದರ ದಪ್ಪ 12.5 ಮಿ.ಮೀ. ಇತ್ತು. ಹೀಗಾಗಿ ಬಹುತೇಕ ಲ್ಯಾಪ್‌ಟಾಪ್‌ಗಳಿಗೆ ಅದು ಹೊಂದಲಿಲ್ಲ.

ತಿರುಗುವ ತಟ್ಟೆಗಳಿರುವ ಡಿಸ್ಕ್‌ಗಳಲ್ಲಿ 7 ಮಿ.ಮೀ. ದಪ್ಪದಲ್ಲಿ ಸಿಗುವ ಗರಿಷ್ಠ ಸಾಮರ್ಥ್ಯ 2 ಟಿಬಿ. ಅಂಗಡಿಯಲ್ಲಿ ಕಾಣಸಿಗುವ 4 ಮತ್ತು 5 ಟಿಬಿಯ ಡಿಸ್ಕ್‌ಗಳ ದಪ್ಪ 15 ಮಿ.ಮೀ. ಅವು ಸಾಮಾನ್ಯ ಲ್ಯಾಪ್‌ಟಾಪ್ ಒಳಗೆ ಹೋಗುವುದಿಲ್ಲ. ಪೋರ್ಟಬಲ್ ಡಿಸ್ಕ್ ಅಗ್ಗವೆಂದು ಕೊಂಡು, ಅದರ ಕವಚ ಒಡೆದು, ಒಳಗಿನ ಡಿಸ್ಕ್‌ಅನ್ನು ಲ್ಯಾಪ್‌ಟಾಪ್‌ಗೆ ಹಾಕಲು ಹೊರಡುವವರು ಇದನ್ನು ಗಮನಿಸಬೇಕು. ಅಂತಹ ಕೆಲವು ಡಿಸ್ಕ್‌ಗಳಲ್ಲಿ ಸಾಟಾ ಕನೆಕ್ಟರ್ ಇರುವುದೇ ಇಲ್ಲ. ಯುಎಸ್‌ಬಿ ಕಿಂಡಿಯನ್ನೇ ನೇರವಾಗಿ ಬೆಸುಗೆ ಹಾಕಿರುತ್ತಾರೆ. ಹಣವೂ ಹೋಯಿತು, ವಾರಂಟಿಯೂ ಹೋಯಿತು.

ಕನೆಕ್ಟರ್ ವಿಚಾರ ಇನ್ನೂ ಸರಳ. ಸುಮಾರು 2005ರವರೆಗಿನ ಯಂತ್ರಗಳಲ್ಲಿ 44 ಸೂಜಿಗಳ ಐಡಿಇ ಇರುತ್ತಿತ್ತು, ಆನಂತರ ಸಾಟಾ ಬಂತು. ಒಂದರ ಜಾಗದಲ್ಲಿ ಇನ್ನೊಂದನ್ನು ನೇರವಾಗಿ ಹಾಕಲಾಗದು. ಐಡಿಇ ಮಾದರಿಯ ಲ್ಯಾಪ್‌ಟಾಪ್ ಡಿಸ್ಕ್‌ಗಳು 320 ಜಿಬಿಗೆ ಬಂದು ನಿಂತುಹೋದವು. ಕೆಲವು ಕಂಪನಿಗಳ ಯಂತ್ರಗಳಲ್ಲಿ ಡಿಸ್ಕ್‌ನ ತುದಿಗೆ ಬೆರಳಗಲದ ಒಂದು ಅಡಾಪ್ಟರ್ ಸಿಕ್ಕಿಸಿರುತ್ತಾರೆ. ಅದನ್ನು ಹಳೆಯ ಡಿಸ್ಕ್‌ನ ಭಾಗವೆಂದೇ ಭಾವಿಸಿ ಅದರೊಂದಿಗೇ ಎತ್ತಿಟ್ಟು, ಹೊಸ ಡಿಸ್ಕ್ ಕೂರುತ್ತಿಲ್ಲವೆಂದು ಪರದಾಡುವವರು ಅನೇಕ.

ಅಂಕೆಗಳ ಗೋಡೆ

ಹಾರ್ಡ್ ಡಿಸ್ಕ್ ಮಾಹಿತಿಯನ್ನು ಸೆಕ್ಟರ್ ಎಂಬ ಸಣ್ಣ ಭಾಗಗಳಲ್ಲಿ ಇಡುತ್ತದೆ. ಸಾಂಪ್ರದಾಯಿಕವಾಗಿ ಒಂದು ಸೆಕ್ಟರ್ ಎಂದರೆ 512 ಬೈಟ್. ಪ್ರತಿ ಸೆಕ್ಟರ್‌ಗೂ ಒಂದು ಸಂಖ್ಯೆಯುಂಟು. ಹಳೆಯ ವ್ಯವಸ್ಥೆಯಲ್ಲಿ ಈ ಸಂಖ್ಯೆಗೆ ಮೀಸಲಿಟ್ಟ ಸ್ಥಳ 28 ಬಿಟ್. ಅಂದರೆ 26 ಕೋಟಿ 84 ಲಕ್ಷಕ್ಕೂ ಹೆಚ್ಚು ಸೆಕ್ಟರ್‌ಗಳನ್ನು ಮಾತ್ರ ಗುರುತಿಸಬಹುದಿತ್ತು. ಅದನ್ನು 512ರಿಂದ ಗುಣಿಸಿದರೆ ದೊರೆಯುವುದು ಸುಮಾರು 137 ಜಿಬಿ. ವಿಂಡೋಸ್ ತನ್ನದೇ ಲೆಕ್ಕದಲ್ಲಿ ಇದನ್ನು 128 ಜಿಬಿ ಎಂದು ತೋರಿಸುತ್ತದೆ. ಸಂಖ್ಯೆಗೆ 48 ಬಿಟ್ ಬಳಸುವ ಪದ್ಧತಿ ರೂಢಿಗೆ ಬಂದದ್ದು 2002ರ ಸುಮಾರಿನಲ್ಲಿ. ವಿಂಡೋಸ್ ಎಕ್ಸ್‌ಪಿಗೆ ಅದನ್ನು ತಂದದ್ದು ಅದೇ ವರ್ಷ ಬಂದ ಸರ್ವಿಸ್ ಪ್ಯಾಕ್ 1.

ಈ ಗೋಡೆ ದಾಟಿದರೆ ಏನಾಗುತ್ತದೆ? ಒಂದು ಬೀದಿಯಲ್ಲಿ ಮನೆಗಳಿಗೆ ಎರಡೇ ಅಂಕೆಯ ಸಂಖ್ಯೆ ಬರೆಯಲು ಅವಕಾಶವಿದೆ ಎಂದುಕೊಳ್ಳೋಣ. 99ನೆಯ ಮನೆಯವರೆಗೆ ತೊಂದರೆಯಿಲ್ಲ. 105ನೆಯ ಮನೆಗೆ ಬಂದ ಪತ್ರದ ಮೊದಲ ಅಂಕೆ ಬಿಟ್ಟುಹೋದರೆ ಅದು 5ನೆಯ ಮನೆಗೆ ಹೋಗಿ ಸೇರುತ್ತದೆ. ಡಿಸ್ಕ್‌ನಲ್ಲಿ ಆಗುವುದೂ ಇದೇ. ಬೇರೆ ಗಣಕದಲ್ಲಿ ಫಾರ್ಮ್ಯಾಟ್ ಮಾಡಿದ 250 ಜಿಬಿ ಡಿಸ್ಕ್‌ಅನ್ನು ಸರ್ವಿಸ್ ಪ್ಯಾಕ್ ಇಲ್ಲದ ಎಕ್ಸ್‌ಪಿ ಯಂತ್ರಕ್ಕೆ ಹಾಕಿದರೆ ಮೊದಲಿಗೆ ಎಲ್ಲವೂ ಸರಿಯಾಗಿಯೇ ಕಾಣಬಹುದು. ತಿಂಗಳುಗಟ್ಟಲೆ ದೋಷವೇ ತಿಳಿಯದು. 137 ಜಿಬಿ ತುಂಬಿದ ನಂತರ ಬರೆದ ಕಡತವು ಡಿಸ್ಕ್‌ನ ಆರಂಭದ ಭಾಗವನ್ನು ಅಳಿಸತೊಡಗುತ್ತದೆ. ಕಡತಗಳ ವಿವರಪಟ್ಟಿ, ಯಂತ್ರ ಚಾಲನೆಗೆ ಬೇಕಾದ ಮಾಹಿತಿ ಸಾಮಾನ್ಯವಾಗಿ ಇರುವುದು ಅಲ್ಲಿಯೇ. ಒಂದು ಬೆಳಿಗ್ಗೆ ಯಂತ್ರ ಏಳುವುದೇ ಇಲ್ಲ. ಡಿಸ್ಕ್ ಕೆಟ್ಟಿತೆಂದು ಮಾಲೀಕರು ಕಂಪನಿಯನ್ನು ಶಪಿಸುತ್ತಾರೆ, ಡಿಸ್ಕ್ ಮಾತ್ರ ಆರೋಗ್ಯವಾಗಿಯೇ ಇರುತ್ತದೆ!

ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಂತದ್ದು 2014ರ ಏಪ್ರಿಲ್‌ನಲ್ಲಿ. ಹಾಗೆಂದು ಇದು ಹಳೆಯ ಕಥೆ ಎಂದು ತಳ್ಳಿಹಾಕುವಂತಿಲ್ಲ. ಇಂತಹದೇ ಇನ್ನೊಂದು ಗೋಡೆ 2.2 ಟಿಬಿಯಲ್ಲಿದೆ. ಡಿಸ್ಕ್‌ನ ವಿಭಾಗಗಳನ್ನು ದಾಖಲಿಸುವ ಎಂಬಿಆರ್ ಎಂಬ ಹಳೆಯ ಪಟ್ಟಿ 32 ಬಿಟ್‌ಗಳಲ್ಲಿ ಸೆಕ್ಟರ್ ಎಣಿಸುವುದೇ ಇದಕ್ಕೆ ಕಾರಣ. 2 ಟಿಬಿಯ ಡಿಸ್ಕ್ ಗೋಡೆಯ ಈಚೆಗೇ ನಿಲ್ಲುವುದರಿಂದ ಬಚಾವು. ಆದರೆ ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿಗಳಿಗೆ ದಪ್ಪದ ಕಟ್ಟುಪಾಡಿಲ್ಲ. ಸ್ಯಾಮ್‌ಸಂಗ್ 2020ರಲ್ಲಿ 8 ಟಿಬಿಯ 2.5 ಇಂಚಿನ ಎಸ್‌ಎಸ್‌ಡಿಯನ್ನು 7 ಮಿ.ಮೀ. ಒಳಗೇ ತಂದಿತು. ಎಂಬಿಆರ್ ಪದ್ಧತಿಯಲ್ಲಿ 4 ಟಿಬಿ ಎಸ್‌ಎಸ್‌ಡಿ ಹಾಕಿದರೆ ಸುಮಾರು 1.8 ಟಿಬಿ ಕೈಗೆ ಸಿಗುವುದಿಲ್ಲ. ಪೂರ್ಣ ಜಾಗ ಬೇಕಾದರೆ ಜಿಪಿಟಿ ಎಂಬ ಹೊಸ ಪಟ್ಟಿ ಬೇಕು. ಜಿಪಿಟಿ ಡಿಸ್ಕ್‌ನಿಂದ ವಿಂಡೋಸ್ ಚಾಲನೆಗೊಳ್ಳಲು ಲ್ಯಾಪ್‌ಟಾಪ್‌ನಲ್ಲಿ ಹಳೆಯ ಬಯೋಸ್ ಬದಲು ಯುಇಎಫ್‌ಐ ಇರಬೇಕು. ಯಂತ್ರ ತೆರೆಯುವ ಮೊದಲೇ ಇದನ್ನು ನೋಡಿಕೊಳ್ಳುವುದು ಒಳಿತು. ಹಳೆಯ ಯುಎಸ್‌ಬಿ ಡಿಸ್ಕ್ ಪೆಟ್ಟಿಗೆಗಳಲ್ಲಿ ಕೆಲವಕ್ಕೂ ಇದೇ 2 ಟಿಬಿ ಮಿತಿಯುಂಟು.

1 ಟಿಬಿ ಡಿಸ್ಕ್ ವಿಂಡೋಸ್‌ನಲ್ಲಿ 931 ಜಿಬಿ ಎಂದು ಕಂಡರೆ ಗಾಬರಿ ಬೇಡ. ಅದು ಗೋಡೆಯಲ್ಲ, ಸಾವಿರದ ಲೆಕ್ಕಕ್ಕೂ 1024ರ ಲೆಕ್ಕಕ್ಕೂ ಇರುವ ವ್ಯತ್ಯಾಸ ಅಷ್ಟೆ.

ಈಚಿನ ಯಂತ್ರಗಳಲ್ಲಿ ಇರುವುದು ಚೂಯಿಂಗ್ ಗಮ್ ಪಟ್ಟಿಯಂತಹ ಎಂ.2 ಎಸ್‌ಎಸ್‌ಡಿ. ಇದರಲ್ಲಿ ಸಾಟಾ, ಎನ್‌ವಿಎಂಇ ಎಂಬ ಎರಡು ಬಗೆಗಳಿದ್ದು, ನೋಡಲು ಒಂದೇ ರೀತಿ ಇದ್ದರೂ ಒಂದು ಬಗೆಯನ್ನಷ್ಟೇ ಒಪ್ಪುವ ಯಂತ್ರಗಳುಂಟು. ಇನ್ನು ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಸಂಗ್ರಹ ಚಿಪ್‌ಗಳನ್ನು ಮದರ್‌ಬೋರ್ಡ್‌ಗೇ ಬೆಸುಗೆ ಹಾಕಿರುತ್ತಾರೆ. ಅಲ್ಲಿ ಬದಲಾವಣೆಯ ಮಾತೇ ಇಲ್ಲ.

ನಕಲು ಮಾಡುವಾಗ

ಹಳೆಯ ಡಿಸ್ಕ್‌ನಲ್ಲಿರುವುದನ್ನು ಹೊಸದಕ್ಕೆ ಯಥಾವತ್ತಾಗಿ ಇಳಿಸಲು ಒಂದು ಯುಎಸ್‌ಬಿ ಅಡಾಪ್ಟರ್ ಹಾಗೂ ಕ್ಲೋನ್‌ಜಿಲ್ಲಾದಂತಹ ಉಚಿತ ತಂತ್ರಾಂಶ ಸಾಕು. ಎಲ್ಲಕ್ಕಿಂತ ದೊಡ್ಡ ನಷ್ಟವಾಗುವುದು ಈ ಹಂತದಲ್ಲೇ. ಯಾವುದು ಮೂಲ, ಯಾವುದು ಗುರಿ ಎಂಬುದು ಅದಲುಬದಲಾದರೆ ಖಾಲಿ ಡಿಸ್ಕ್ ತುಂಬಿದ ಡಿಸ್ಕ್‌ನ ಮೇಲೆ ನಕಲಾಗುತ್ತದೆ. ಸಾಮರ್ಥ್ಯದ ಅಂಕಿಯಷ್ಟೇ ಅಲ್ಲದೆ ಡಿಸ್ಕ್‌ನ ಮಾದರಿ ಸಂಖ್ಯೆಯನ್ನೂ ಕಾಗದದಲ್ಲಿ ಬರೆದಿಟ್ಟುಕೊಂಡು ಹೋಲಿಸಬೇಕು. ಮುಖ್ಯ ಕಡತಗಳ ಇನ್ನೊಂದು ಪ್ರತಿ ಮೂರನೆಯ ಕಡೆ ಇರಲಿ. ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಚಾಲನೆಯಲ್ಲಿದ್ದರೆ 48 ಅಂಕಿಗಳ ರಿಕವರಿ ಕೀ ಬರೆದುಕೊಳ್ಳದೆ ಯಾವುದಕ್ಕೂ ಕೈಹಾಕಬಾರದು.

ನಕಲಾದ ನಂತರವೂ ಹೊಸ ಡಿಸ್ಕ್ ಹಳೆಯ ಗಾತ್ರವನ್ನೇ ತೋರಿಸಿದರೆ ಆಶ್ಚರ್ಯವಿಲ್ಲ. ಉಳಿದ ಜಾಗ ಹಂಚಿಕೆಯಾಗದೆ ಕೊನೆಯಲ್ಲಿ ಬಿದ್ದಿರುತ್ತದೆ. ಅದಕ್ಕೂ ಸಿ ವಿಭಾಗಕ್ಕೂ ನಡುವೆ ರಿಕವರಿ ವಿಭಾಗವಿದ್ದರೆ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ಅದನ್ನು ಸೇರಿಸಲಾರದು; ವಿಭಾಗ ಸರಿಸಬಲ್ಲ ಬೇರೆ ತಂತ್ರಾಂಶ ಬೇಕಾಗುತ್ತದೆ.

ಬಳಸಿದ ಡಿಸ್ಕ್‌ಅನ್ನು ಹೊಸದೆಂದು ಮಾರುವುದೂ ಉಂಟು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡರೂ ಅಂತರ್ಜಾಲದಲ್ಲಿ ತರಿಸಿದರೂ, ಸ್ಮಾರ್ಟ್ ಮಾಹಿತಿ ತೋರಿಸುವ ತಂತ್ರಾಂಶದಿಂದ ಡಿಸ್ಕ್ ಎಷ್ಟು ಗಂಟೆ ಓಡಿದೆ ಎಂಬುದನ್ನು ಮೊದಲ ದಿನವೇ ನೋಡಬೇಕು. ಸಾವಿರಾರು ಗಂಟೆ ಎಂದಿದ್ದರೆ ಹಿಂದಿರುಗಿಸಿ. ಹಳೆಯ ಡಿಸ್ಕ್‌ಅನ್ನು ಅಳಿಸಲು ಆತುರ ಬೇಡ. ಹೊಸದರಲ್ಲಿ ಒಂದು ತಿಂಗಳಾದರೂ ಕೆಲಸ ಮಾಡಿ, ಆಲ್ಬಂಗಳನ್ನು ಒಂದೊಂದಾಗಿ ತೆರೆದು ನೋಡಿದ ಮೇಲೆಯೇ ಅದನ್ನು ಪೆಟ್ಟಿಗೆಯೊಂದಕ್ಕೆ ಹಾಕಿ ಬೇರೆ ಬಳಕೆಗೆ ತೆಗೆದುಕೊಳ್ಳಬಹುದು.