ಒಂದು ಹಾಡು, ಒಂದು ಭಾಷಣ ಮತ್ತು ಕೋರ್ಟಿನ ತಾರೀಖು



ಕಳೆದ ವಾರ ಹುಕ್ಕೇರಿಗೆ ತಂಗಿಯ ಮನೆಗೆ ಹೋಗಿದ್ದೆ. ರಾತ್ರಿ ಊಟವಾದ ಮೇಲೆ ಸೋದರಳಿಯ, “ಮಾಮಾ, ನಿಮಗ ಮರಾಠಿ ಬರ್ತೈತಿ, ಇದನ್ನ ನೋಡ್ರಿ” ಎಂದು ‘ಕೋರ್ಟ್’ ಎಂಬ ಚಲನಚಿತ್ರವನ್ನು ಹಾಕಿದ. ಚೈತನ್ಯ ತಾಮ್ಹಣೆ ನಿರ್ದೇಶಿಸಿದ ಈ ಚಿತ್ರಕ್ಕೆ 2014ರ ಅತ್ಯುತ್ತಮ ಕಥಾಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂದಿದೆ. ಚಿತ್ರ ಮುಗಿದ ಮೇಲೆ ಬಹಳ ಹೊತ್ತು ನನಗೆ ಮಾತೇ ಹೊರಡಲಿಲ್ಲ.

ಮುಂಬಯಿಯಲ್ಲಿ ಗಟಾರಕ್ಕಿಳಿದ ಕಾರ್ಮಿಕನೊಬ್ಬ ಸಾಯುತ್ತಾನೆ. ನಾರಾಯಣ ಕಾಂಬಳೆ ಎಂಬ ವೃದ್ಧ ಶಾಹೀರನ ಹಾಡು ಕೇಳಿ ಆತ ಆತ್ಮಹತ್ಯೆ ಮಾಡಿಕೊಂಡನೆಂಬುದು ಪೊಲೀಸರ ಆರೋಪ. ಆದರೆ ಸತ್ತವನ ಹೆಂಡತಿ ಸಾಕ್ಷಿ ನುಡಿಯುವಾಗ ನಿಜ ಹೊರಬೀಳುತ್ತದೆ. ಒಳಗೆ ಉಸಿರಾಡಲು ಗಾಳಿ ಇದೆಯೋ ಇಲ್ಲವೋ ಎಂದು ತಿಳಿಯಲು ಆತ ಕಲ್ಲೆಸೆದು ಜಿರಳೆ ಹೊರಬರುವುದೇ ಎಂದು ನೋಡುತ್ತಿದ್ದನಂತೆ! ಕ್ಯಾಮೆರಾ ಮಾತ್ರ, ಹಿಂದಿನ ಬಾಕಿನ ಮೇಲೆ ಕುಳಿತ ಕಕ್ಷಿದಾರನಂತೆ, ಕದಲದೆ ಎಲ್ಲವನ್ನೂ ನೋಡುತ್ತಿರುತ್ತದೆ. ಕೊನೆಗೆ ಬೇಸಿಗೆ ರಜೆ ಬರುತ್ತದೆ, ತೀರ್ಪು ಬರುವುದಿಲ್ಲ. ಕೋರ್ಟಿನ ದೀಪಗಳು ಒಂದೊಂದಾಗಿ ಆರಿ ತೆರೆಯೆಲ್ಲ ಕತ್ತಲಾಗುತ್ತದೆ. ಶಾಹೀರನ ಪಾತ್ರ ವಹಿಸಿದ್ದ ವೀರಾ ಸಾಥಿದಾರ ಅವರು 2021ರಲ್ಲಿ ಕೋವಿಡ್‌ನಿಂದ ತೀರಿಕೊಂಡರೆಂದು ಅಳಿಯ ಹೇಳಿದಾಗ ಮನಸ್ಸು ಇನ್ನಷ್ಟು ಭಾರವಾಯಿತು.

ಮರುದಿನ ಗೋಕಾಕಕ್ಕೆ ಮರಳುವಾಗ ಬಸ್ಸಿನಲ್ಲಿ ನೆನಪಾದದ್ದು ನಮ್ಮ ಬೆಳಗಾವಿಯ ಪ್ರಸಂಗ. ಲೋಕಮಾನ್ಯ ತಿಲಕರು 1916ರ ಏಪ್ರಿಲ್‌ನಲ್ಲಿ ಬೆಳಗಾವಿಯಲ್ಲಿ ಹೋಮ್ ರೂಲ್ ಲೀಗ್ ಸ್ಥಾಪಿಸಿ, ಮೇ 1ರಂದು ಅಲ್ಲಿಯೇ ಸ್ವರಾಜ್ಯದ ಬಗ್ಗೆ ಮರಾಠಿಯಲ್ಲಿ ಭಾಷಣ ಮಾಡಿದರು. ಆ ಭಾಷಣವನ್ನೂ ಅಹಮದನಗರದ ಎರಡು ಭಾಷಣಗಳನ್ನೂ ಹಿಡಿದು ಸರಕಾರ ರಾಜದ್ರೋಹದ ಆಪಾದನೆ ಹೊರಿಸಿತು. ಅವರ 60ನೆಯ ಹುಟ್ಟುಹಬ್ಬದ ದಿನವಾದ ಜುಲೈ 23ರಂದೇ ನೋಟೀಸು ಬಂದಿತು. ಒಂದು ವರ್ಷದ ಸನ್ನಡತೆಗಾಗಿ 20,000 ರೂಪಾಯಿಯ ಮುಚ್ಚಳಿಕೆ, ಜೊತೆಗೆ ತಲಾ 10,000 ರೂಪಾಯಿಯ ಇಬ್ಬರು ಜಾಮೀನುದಾರರು ಬೇಕೆಂದು ಮ್ಯಾಜಿಸ್ಟ್ರೇಟರ ಆದೇಶವಾಯಿತು. ತಿಲಕರ ಪರವಾಗಿ ವಾದಿಸಿದವರು ಮಹಮ್ಮದ್ ಅಲಿ ಜಿನ್ನಾ. ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿಗಳಾದ ಬ್ಯಾಚಲರ್ ಮತ್ತು ಶಾ ಅವರು ಬಿಡಿ ವಾಕ್ಯಗಳನ್ನು ಹೆಕ್ಕದೆ ಭಾಷಣಗಳನ್ನು ಇಡಿಯಾಗಿ ಪರಿಶೀಲಿಸಿ, ನವೆಂಬರ್ 9ರಂದು ಆ ಆದೇಶವನ್ನು ರದ್ದುಗೊಳಿಸಿದರು.

ಪರಕೀಯ ಆಳ್ವಿಕೆಯ ನ್ಯಾಯವೆಲ್ಲ ಹೀಗೆಯೇ ಇತ್ತೆಂದು ಹೇಳಲಾರೆ. ಅದೇ ಹೈಕೋರ್ಟು 1908ರಲ್ಲಿ ‘ಕೇಸರಿ’ಯ ಲೇಖನಗಳಿಗಾಗಿ ತಿಲಕರಿಗೆ 6 ವರ್ಷಗಳ ಗಡೀಪಾರು ವಿಧಿಸಿತ್ತು. ಆದರೂ 1916ರಲ್ಲಿ ಮಾತನ್ನು ಪೂರ್ತಿಯಾಗಿ ಕೇಳುವ ಕಿವಿ ಇತ್ತು, ಸುಮಾರು ಮೂರೂವರೆ ತಿಂಗಳಲ್ಲಿ ಪ್ರಕರಣ ಮುಗಿಯಿತು. ತಿಲಕರಿಗೆ ಹೆಸರಿತ್ತು, ಜಿನ್ನಾರಂಥ ವಕೀಲರಿದ್ದರು. ಹೆಸರಿಲ್ಲದವನಿಗೆ ತೀರ್ಪಿಗಿಂತ ಮೊದಲು ತಾರೀಖೇ ಶಿಕ್ಷೆಯಾಗುತ್ತದೆ.

ಇಷ್ಟು ಬರೆಯುವ ನಾನೂ ತಪ್ಪಿತಸ್ಥನೇ. ಮೂಡಲಗಿ ಇನ್ನೂ ಗೋಕಾಕ ತಾಲೂಕಿನಲ್ಲಿದ್ದ ಕಾಲದಲ್ಲಿ ಅಲ್ಲಿ ಇತಿಹಾಸ ಕಲಿಸುತ್ತಿದ್ದೆ. ಒಬ್ಬ ಹುಡುಗ ತಿಂಗಳಿಗೊಮ್ಮೆ ತಪ್ಪದೆ ಗೈರುಹಾಜರಾಗುತ್ತಿದ್ದ. ಕೇಳಿದರೆ, “ಅಪ್ಪಂದು ಹೊಲದ ತಾರೀಖ ಇತ್ರಿ ಸರ್, ಅವ್ಗ ಓದಾಕ ಬರಂಗಿಲ್ರಿ” ಎನ್ನುತ್ತಿದ್ದ. ನೆಪವೆಂದು ತಿಳಿದು ಒಂದು ದಿನ ಅವನನ್ನು ವರ್ಗದ ಹೊರಗೆ ನಿಲ್ಲಿಸಿ, ಒಳಗೆ ತಿಲಕರ ವಿಚಾರಣೆಯ ಇಸವಿಗಳನ್ನು ಉಳಿದವರಿಂದ ಬಾಯಿಪಾಠ ಮಾಡಿಸಿದೆ. ಅವನ ಮಾತನ್ನು ನಾನೂ ಪೂರ್ತಿಯಾಗಿ ಕೇಳಲಿಲ್ಲ.

ಆ ವಿದ್ಯಾರ್ಥಿ ಇದನ್ನು ಓದುತ್ತಿದ್ದರೆ ಈ ಮುದುಕನನ್ನು ಕ್ಷಮಿಸಲಿ. ಹೊಲ ಉಳಿಯಿತೇ ಎಂಬುದನ್ನು ತಿಳಿಸಲಿ.