ಪೆನ್ಶನ್ ಬಂದ ಮೇಲೂ ಶಾಸನ ಬಿಡದ ರೈಸ್ ಸಾಹೇಬ್ರು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯಿಂದ ಕೇಳ್ತಿರೋರಿಗೆ ಇವತ್ತಿನ ಕಥೆ ಸ್ವಲ್ಪ ಜಾಸ್ತೀನೇ ಹತ್ತಿರ.

'ರಿಟೈರ್ ಆದ್ಮೇಲೆ ಅಪ್ಪ ಮಂಕಾಗಿಬಿಟ್ಟಿದ್ದಾರೆ ಕಣೋ' ಅಂತ ಗೆಳೆಯರು ಹೇಳೋದನ್ನ ಈಚೆಗೆ ಬಹಳ ಕೇಳ್ತಿದ್ದೀನಿ. ನಮ್ಮ ಮನೇಲೂ ಅದೇ. ಮೂವತ್ತು ವರ್ಷ 'ಮೇಷ್ಟ್ರೇ' ಅಂತ ಕರೆಸಿಕೊಂಡವರಿಗೆ ಒಂದು ಸೋಮವಾರ ಬೆಳಿಗ್ಗೆ ಹೋಗೋಕೆ ಜಾಗಾನೇ ಇಲ್ಲ ಅಂದ್ರೆ ಹೇಗಿರಬೇಕು?

ಆಗ ನನಗೆ ನೆನಪಾಗೋದು ಬಿ.ಎಲ್. ರೈಸ್. ಹೆಸರು ಇಂಗ್ಲಿಷ್‌ದು, ಆದರೆ ಹುಟ್ಟಿದ್ದು 1837ರಲ್ಲಿ ಬೆಂಗಳೂರಲ್ಲಿ, ಪಾದ್ರಿಯೊಬ್ಬರ ಮಗನಾಗಿ. ಮೊದಲು ಶಿಕ್ಷಣ ಇಲಾಖೆ, ಆಮೇಲೆ ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆ. ರೈಸ್ ಮತ್ತು ಅವರ ಕೈಕೆಳಗಿನ ಪಂಡಿತರು ಊರೂರು ಸುತ್ತಿ, ಕೆರೆ ಏರಿ, ಗುಡಿ ಗೋಡೆ, ಹೊಲದ ಬದು ಎಲ್ಲಿ ಕಲ್ಲು ಕಂಡರೂ ಅದರ ಬರಹ ಪ್ರತಿ ಮಾಡಿಕೊಂಡರು. ಪಂಡಿತರ ಹೆಸರು ಯಾರಿಗೂ ನೆನಪಿಲ್ಲ, ಅದು ಬೇರೆ ಮಾತು. ಒಟ್ಟು ಒಂಬತ್ತು ಸಾವಿರದ ಹತ್ತಿರ ಶಾಸನಗಳು ಸೇರಿದವು. ಅದೇ 'ಎಪಿಗ್ರಾಫಿಯಾ ಕರ್ನಾಟಿಕಾ'.

1902ರಲ್ಲಿ ಬಂದ ಅದರ 7ನೇ ಸಂಪುಟದಲ್ಲಿ ಹೊನ್ನಾಳಿ, ಚನ್ನಗಿರಿ ಇವೆ. ಆಗ ಅವು ಶಿವಮೊಗ್ಗ ಜಿಲ್ಲೆ; ದಾವಣಗೆರೆಗೆ ಸೇರಿದ್ದು 1997ರಲ್ಲಿ. ನ್ಯಾಮತಿ ಆಗಿನ್ನೂ ಹೊನ್ನಾಳಿ ತಾಲ್ಲೂಕಿನೊಳಗಿನ ಊರು. ಹಾಗಾಗಿ ಬೆಳಗುತ್ತಿ ಸಿಂದ ಅರಸರ ಕಲ್ಲುಗಳನ್ನ ಹೊನ್ನಾಳಿ ಪಟ್ಟಿಯಲ್ಲೇ ಹುಡುಕಬೇಕು. ಜಗಳೂರಿನವು ಚಿತ್ರದುರ್ಗದ 11ನೇ ಸಂಪುಟದಲ್ಲಿ.

1906ರಲ್ಲಿ ರೈಸ್ ನಿವೃತ್ತರಾಗಿ ಇಂಗ್ಲೆಂಡಿಗೆ ಹೋದರು. ಆಫೀಸ್ ಹೋಯ್ತು, ಪಂಡಿತರು ದೂರ, ಕಿವಿಗೆ ಕನ್ನಡ ಬೀಳೋದೇ ಅಪರೂಪ ಆಗಿರಬೇಕು. ಆದರೂ 1909ರಲ್ಲಿ ಶಾಸನಗಳನ್ನೇ ಆಧಾರ ಮಾಡಿಕೊಂಡು ಮೈಸೂರು-ಕೊಡಗಿನ ಇತಿಹಾಸ ಬರೆದರು. 1914ರಲ್ಲಿ ಕೊಡಗಿನ ಶಾಸನಗಳ ಸಂಪುಟ ತಿದ್ದಿ ಮತ್ತೆ ಹೊರತಂದರು. ವಯಸ್ಸು 75 ದಾಟಿತ್ತು. ಪ್ರಮೋಶನ್ ಇಲ್ಲ, ಮೇಲಧಿಕಾರಿ ಇಲ್ಲ. ನನಗನ್ನಿಸೋದು, ಆ ಕೆಲಸ ಹುದ್ದೆಗಾಗಿ ಅಲ್ಲ ಅನ್ನೋದು ಗೊತ್ತಾಗಿದ್ದೇ ಹುದ್ದೆ ಹೋದ್ಮೇಲೆ.

ಅವರ ಕುರ್ಚಿಗೆ ಬಂದ ಆರ್. ನರಸಿಂಹಾಚಾರ್ಯರೂ ಹಾಗೇ. 1922ರಲ್ಲಿ ನಿವೃತ್ತಿ, 'ಕರ್ನಾಟಕ ಕವಿಚರಿತೆ'ಯ ಮೂರನೇ ಸಂಪುಟ ಬಂದದ್ದು 1929ರಲ್ಲಿ. ನಮ್ಮ ಹಳೆ ಕವಿಗಳ ಕಾಲ, ಕೃತಿ ಹುಡುಕೋರು ಇವತ್ತಿಗೂ ಅದನ್ನ ತೆರೀತಾರೆ.

ಇವರೆಲ್ಲ ದೊಡ್ಡವರು, ಪೆನ್ಶನ್ ಇದ್ದವರು, ನಿಜ. ಅಡಿಕೆ ತೋಟದಲ್ಲಿ ಕೂಲಿ ಮಾಡೋರಿಗೆ ನಿವೃತ್ತಿ ಅನ್ನೋ ಪದಾನೇ ಇಲ್ಲ. ಆದರೆ ಉಳಿದಿರೋ ಕೆಲಸ ಈಗ ದೊಡ್ಡ ಓದಿನದ್ದಲ್ಲ, ಕಾಲ್ನಡಿಗೆಯದ್ದು. ರೈಸ್ ಓದಿದ ಎಷ್ಟೋ ಕಲ್ಲುಗಳು ಇವತ್ತು ಜಾಗದಲ್ಲಿಲ್ಲ. ಬೆಂಗಳೂರಲ್ಲಿ ಮಿಥಿಕ್ ಸೊಸೈಟಿಯವರು ಅಲ್ಲಿನ ಶಾಸನಗಳನ್ನ ಹುಡುಕಿ 3ಡಿ ಸ್ಕ್ಯಾನ್ ಮಾಡ್ತಿದ್ದಾರೆ. ನಮ್ಮ ಹಳ್ಳಿಗಳಲ್ಲಿ 'ಆ ಕಲ್ಲು ಮುಂಚೆ ಬಾವಿ ಹತ್ರ ಇತ್ತು' ಅಂತ ಹೇಳಬಲ್ಲೋರು ಅಜ್ಜ-ಅಜ್ಜಿ, ರಿಟೈರ್ಡ್ ಮೇಷ್ಟ್ರು, ಗ್ರಾಮಲೆಕ್ಕಿಗರು. ಅವರು ಹೋದರೆ ಆ ಮಾಹಿತಿ ಯಾವ ಸಂಪುಟದಲ್ಲೂ ಸಿಗಲ್ಲ.

ಸಂಪುಟಗಳು ಆನ್‌ಲೈನ್‌ನಲ್ಲಿ ಫ್ರೀಯಾಗಿವೆ. ನಿಮ್ಮ ತಾಲ್ಲೂಕಿನ ಪುಟ ತೆಗೆದು, ಊರಿನ ಹೆಸರು ನೋಡಿ. ನಾನು ಕಳೆದ ವಾರ ಅಪ್ಪನ ಮುಂದೆ ಫೋನ್ ಹಿಡಿದೆ. ಕನ್ನಡಕ ಹಾಕಿಕೊಂಡು ಎರಡು ಸಾಲು ಓದಿ, 'ಈ ಕಲ್ಲು ನಾನು ನೋಡಿದೀನಲ್ಲೋ, ನಡಿ' ಅಂದ್ರು.