ಬಂದೀಖಾನೆಯ ಬಾಗಿಲು: ಸ್ವತಂತ್ರ ಸಂದರ್ಶಕರ ಪ್ರವೇಶದ ಹಕ್ಕು

ಬಂಧನದಲ್ಲಿರುವವರಿಗೆ ತಮ್ಮ ಅಹವಾಲನ್ನು ಹೊರಗೆ ತಲುಪಿಸುವುದು ಸುಲಭವಲ್ಲ. ದೂರು ಯಾರ ಮೇಲೋ, ಬಾಗಿಲಿನ ಬೀಗದಕೈ ಅವರಲ್ಲೇ ಇರುತ್ತದೆ. ಆದ್ದರಿಂದಲೇ ಆ ಆಡಳಿತಕ್ಕೆ ಅಧೀನರಲ್ಲದವರು ಒಳಹೊಕ್ಕು ನೋಡುವ ಹಕ್ಕಿಗೆ ಮಹತ್ತ್ವವಿದೆ.

1982ರ ಮೇ ತಿಂಗಳಲ್ಲಿ ಪತ್ರಕರ್ತೆ ಶೀಲಾ ಬರ್ಸೆಯವರು ಮುಂಬಯಿಯಲ್ಲಿ ಸೆರೆಯಲ್ಲಿದ್ದ 15 ಮಹಿಳೆಯರನ್ನು ಸಂದರ್ಶಿಸಿದರು. ಅವರಲ್ಲಿ ಐವರು, ಪೊಲೀಸ್ ಲಾಕಪ್ಪಿನಲ್ಲಿ ತಮ್ಮನ್ನು ಥಳಿಸಲಾಯಿತೆಂದು ಹೇಳಿದರು. ಬರ್ಸೆಯವರ ಪತ್ರವನ್ನೇ ಅರ್ಜಿಯೆಂದು ಪರಿಗಣಿಸಿದ ಸರ್ವೋಚ್ಚ ನ್ಯಾಯಾಲಯವು 1983ರ ಫೆಬ್ರವರಿಯಲ್ಲಿ ಹಲವು ನಿರ್ದೇಶನಗಳನ್ನು ನೀಡಿತು. ಮುಂಬಯಿಯ ಲಾಕಪ್ಪುಗಳಿಗೆ ಸೆಷನ್ಸ್ ನ್ಯಾಯಾಧೀಶರೊಬ್ಬರು, ಸಾಧ್ಯವಾದರೆ ಮಹಿಳಾ ನ್ಯಾಯಾಧೀಶರು, ಆಗಾಗ್ಗೆ ಅನಿರೀಕ್ಷಿತ ಭೇಟಿ ನೀಡಬೇಕೆಂಬುದು ಅವುಗಳಲ್ಲೊಂದು.

ಅನಿರೀಕ್ಷಿತ ಎಂಬ ಮಾತಿನಲ್ಲೇ ತಿರುಳಿದೆ. ಮುನ್ಸೂಚನೆಯಿತ್ತು ಬರುವವರಿಗೆ ಕಾಣುವುದು ಗುಡಿಸಿ ಸಾರಿಸಿದ ಅಂಗಳ ಮಾತ್ರ. 1993ರ ಮಾನವ ಹಕ್ಕುಗಳ ಸಂರಕ್ಷಣಾ ಅಧಿನಿಯಮದ ಮೂಲಪಾಠದಂತೆ, ರಾಜ್ಯಗಳ ಜೈಲುಗಳಿಗೆ ಹೋಗುವ ಮುನ್ನ ಆಯೋಗವು ರಾಜ್ಯ ಸರ್ಕಾರಕ್ಕೆ ತಿಳಿಸಬೇಕಾಗಿತ್ತು. 2006ರ ತಿದ್ದುಪಡಿಯು ಆ ನಿಬಂಧನೆಯನ್ನು ತೆಗೆದುಹಾಕಿತು. ಅಧಿಕಾರೇತರ ಸಂದರ್ಶಕರನ್ನು ಜೈಲುಗಳಿಗಷ್ಟೇ ಅಲ್ಲದೆ ಪೊಲೀಸ್ ಠಾಣೆಗಳಿಗೂ ನೇಮಿಸುವ ಬಗ್ಗೆ ರಾಜ್ಯಗಳು ಪರಿಶೀಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ ಡಿ. ಕೆ. ಬಸು ಪ್ರಕರಣದಲ್ಲಿ ಸೂಚಿಸಿತು.

ಅಂತಾರಾಷ್ಟ್ರೀಯ ಮಾನದಂಡವು ಇನ್ನೂ ಕಟ್ಟುನಿಟ್ಟಾದುದು. ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರೋಧಿ ಒಡಂಬಡಿಕೆಗೆ ಪೂರಕವಾದ ಐಚ್ಛಿಕ ಒಪ್ಪಂದವು 2002ರಲ್ಲಿ ಅಂಗೀಕಾರಗೊಂಡು 2006ರಲ್ಲಿ ಜಾರಿಗೆ ಬಂದಿತು. ಇದರನ್ವಯ ಸಂದರ್ಶಕರು ನೋಡಬೇಕಾದ ಸ್ಥಳವನ್ನೂ ಮಾತನಾಡಿಸಬೇಕಾದ ವ್ಯಕ್ತಿಯನ್ನೂ ತಾವೇ ಆರಿಸಿಕೊಳ್ಳಬಹುದು. ಕಾವಲುಗಾರರ ಅನುಪಸ್ಥಿತಿಯಲ್ಲಿ ಏಕಾಂತವಾಗಿ ಸಂಭಾಷಿಸಬಹುದು. ಅವರೊಡನೆ ಮಾತನಾಡಿದ ಕಾರಣಕ್ಕೆ ಯಾರನ್ನೂ ದಂಡಿಸುವಂತಿಲ್ಲ. ಭಾರತವು ಮೂಲ ಒಡಂಬಡಿಕೆಗೆ 1997ರಲ್ಲಿ ಸಹಿ ಹಾಕಿದ್ದರೂ ಅದನ್ನು ಸ್ಥಿರೀಕರಿಸಿಲ್ಲ. ಐಚ್ಛಿಕ ಒಪ್ಪಂದಕ್ಕೆ ಸಹಿಯನ್ನೂ ಹಾಕಿಲ್ಲ. ಹೀಗಾಗಿ ಈ ರಕ್ಷಣೆಗಳು ಒಪ್ಪಂದದ ಬಲದಿಂದ ಇಲ್ಲಿನ ಬಂದಿಗಳಿಗೆ ದೊರೆಯುವುದಿಲ್ಲ.

ಅದರಿಂದಾಗಿ ಹೊರಗಿರುವ ಬಂಧುಮಿತ್ರರ ಹೊಣೆ ಹೆಚ್ಚುತ್ತದೆ. ಬಂಧನದಲ್ಲಿರುವವರ ಪರವಾಗಿ ಬೇರೆ ಯಾರಾದರೂ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಸಲ್ಲಿಸಬಹುದು. ಅದಕ್ಕೆ ಶುಲ್ಕವಿಲ್ಲ. ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ ಯಾವುದೇ ಭಾಷೆಯಲ್ಲಿ ಬರೆಯಬಹುದಾದ್ದರಿಂದ, ದೆಹಲಿಯಲ್ಲಾಗಲಿ ಚೆನ್ನೈಯಲ್ಲಾಗಲಿ ನೆಲೆಸಿದ ಕನ್ನಡಿಗರು ಕನ್ನಡದಲ್ಲಿಯೇ ದೂರು ನೀಡಬಹುದು. ಘಟನೆ ನಡೆದ ಒಂದು ವರ್ಷದೊಳಗೆ ಅದು ಆಯೋಗದ ಮುಂದೆ ಬರಬೇಕೆಂಬುದನ್ನು ಮಾತ್ರ ಮರೆಯಬಾರದು.